ಒಣಗಿದ ಪ್ರಾರ್ಥನೆ, ಫೆಬ್ರವರಿಯ ರೋಬಸ್ಟಾ

ಪ್ರಶ್ನೆ: ಅಮ್ಮಾ, ಕರ್ತನ ನಾಮದಲ್ಲಿ ವಂದನೆಗಳು. ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ, ಆಗಿದ್ದೇನೆ. ಮೊದಲೆಲ್ಲ ಪ್ರಾರ್ಥನೆಗೆ ಕೂತರೆ ಕಣ್ಣು ತುಂಬಿ ಬರುತ್ತಿತ್ತು. ಈಗ ಬಹಳ ದಿನದಿಂದ ಏನೂ ಇಲ್ಲ. ಸತ್ಯವೇದ ಓದುತ್ತೇನೆ, ಸಭೆಗೆ ಹೋಗುತ್ತೇನೆ, ಎಲ್ಲ ಸುಮ್ನೆ ಅಭ್ಯಾಸಬಲದಿಂದ. ಪ್ರಾರ್ಥನಾ ಕೂಟದಲ್ಲಿ ಒಬ್ಬರು "ನಿನ್ನಲ್ಲಿ ಬಚ್ಚಿಟ್ಟ ಪಾಪ ಇದೆ" ಎಂದರು. ಹುಡುಕಿ ಹುಡುಕಿ ಸಾಕಾಯಿತು. ಮನಸ್ಸಿಲ್ಲದೆ ಪ್ರಾರ್ಥನೆ ಮಾಡುವುದು ಕಪಟ ಅಲ್ವಾ? ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಪ್ಪಾ. ಇದು ಕಪಟವೂ ಅಲ್ಲ. ಕಪಟಿ ಮಾಡುವುದೆಲ್ಲ ಜನ ನೋಡಲಿ ಎಂದು. ಯಾರೂ ನೋಡದ ಕೋಣೆಯಲ್ಲಿ, ಕೈಗೆ ಏನೂ ಹತ್ತದಿದ್ದರೂ ಬೆಳಿಗ್ಗೆ ಎದ್ದು ಕೂರುವವನನ್ನು ಕಪಟಿ ಎನ್ನಲು ನನಗಂತೂ ಬಾಯಿ ಬಾರದು.

ಆ ಕೂಟದವರ ಮಾತು ಕೇಳಿ ನನಗೆ ಸಿಟ್ಟೇ ಬಂತು. ಗೊತ್ತಿರುವ ಪಾಪ ಇದ್ದರೆ ಅರಿಕೆಮಾಡಿ ಬಿಟ್ಟುಬಿಡು. ಇಲ್ಲದ್ದನ್ನು ಅಗೆದು ತೆಗೆಯಲು ಹೋಗಬೇಡ. ಸತ್ಯವೇದದಲ್ಲಿ ಕಷ್ಟಕ್ಕೆ ಸಿಕ್ಕಿದ ಯೋಬನಿಗೆ ಅವನ ಸ್ನೇಹಿತರೂ ಇದನ್ನೇ ತಾನೇ ಹೇಳಿದ್ದು? ಯೋಬನ ಪುಸ್ತಕದ ಕೊನೆಯ ಅಧ್ಯಾಯ ತೆಗೆದು ನೋಡು. ದೇವರು ಕೋಪಿಸಿಕೊಂಡಿದ್ದು ಆ ಸ್ನೇಹಿತರ ಮೇಲೆ. ಅವರಿಗಾಗಿ ಪ್ರಾರ್ಥನೆ ಮಾಡುವ ಕೆಲಸ ಯೋಬನಿಗೆ ಬಿತ್ತು.

ನೀನು ರೈಟರ್, ನಿನಗೆ ಕಾಫಿ ಪಾಠ ನಾನು ಹೇಳಬೇಕಿಲ್ಲ. ಆದರೂ ನನಗೂ ತುಸು ತೋಟ ಇದೆ, ಬಾಯಿ ಸುಮ್ಮನಿರುವುದಿಲ್ಲ. ಫೆಬ್ರವರಿಯಲ್ಲಿ ಒಂದು ರೋಬಸ್ಟಾ ಗಿಡದ ಹತ್ತಿರ ಹೋಗು. ಮಧ್ಯಾಹ್ನದ ಹೊತ್ತಿಗೆ ಎಲೆಯೆಲ್ಲ ಜೋತುಬಿದ್ದಿರುತ್ತದೆ. ಒಂದು ರೆಕ್ಕೆ, ಅಂದರೆ ಅಡ್ಡ ಕೊಂಬೆ, ಹಿಡಿದು ಬಗ್ಗಿಸಿ ಗೆಣ್ಣು ನೋಡು. ಎಲೆಯ ಸಂದಿಯಲ್ಲಿ ಹಸಿರು ಮೊಗ್ಗುಗಳು ಒತ್ತಾಗಿ ಕೂತಿರುತ್ತವೆ. ಅರ್ಧ ಸೆಂಟಿಮೀಟರಿನಷ್ಟು ಬೆಳೆದು ಅಲ್ಲಿಗೇ ನಿಂತಿರುತ್ತವೆ. ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಹೊಸಬರು ನೋಡಿದರೆ ಗಿಡ ಹೋಯಿತು ಅನ್ನುತ್ತಾರೆ. ಆದರೆ ಆ ಮೊಗ್ಗಿಗೆ ಒಣಹವೆ ತಗುಲಲೇಬೇಕು. ಬಾಯಾರಿಕೆ ಕಂಡ ಮೊಗ್ಗೇ ಒಂದು ಇಂಚು ಹೂಮಳೆ ಬಿದ್ದೊಡನೆ ಉಬ್ಬಿ, ಎಂಟು ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುವಂತೆ ಅರಳುವುದು. ಸಮಭಾಜಕದ ಹತ್ತಿರ ಬೇಸಿಗೆಯೇ ಇಲ್ಲದ ಜಾಗಗಳಲ್ಲಿ ಕಾಫಿ ಹೀಗೆ ಒಟ್ಟಿಗೆ ಹೂ ಬಿಡುವುದಿಲ್ಲ. ಅಲ್ಲೊಂದು ಇಲ್ಲೊಂದು, ತಿಂಗಳುಗಟ್ಟಲೆ.

ಹೋಲಿಕೆ ಎಲ್ಲ ಕಡೆ ಹೊಂದುವುದಿಲ್ಲ, ನನಗೂ ಗೊತ್ತು. ಮಳೆ ತಡವಾದರೆ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಬಹುದು. ದೇವರನ್ನು ಪಂಪ್‌ಸೆಟ್ ಹಚ್ಚಿ ಇಳಿಸಲು ಬರುವುದಿಲ್ಲ. ಕೆಲವರು ಪ್ರಯತ್ನ ಮಾಡುತ್ತಾರೆ, ಆ ಮಾತು ಬೇರೆ. ಮೈಕು, ಕೀಬೋರ್ಡು, ಎರಡು ರಾತ್ರಿಯ ಉಜ್ಜೀವನ ಕೂಟ. ಅಂಥ ಕೂಟದಿಂದ ಬದುಕು ತಿರುಗಿದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತಿಪ್ಪತ್ತು ಸೆಂಟು (ನೂರು ಸೆಂಟಿಗೆ ಒಂದು ಇಂಚು ಮಳೆ) ತುಂತುರು ಬಿದ್ದು ನಿಂತರೆ ಏನಾಗುತ್ತದೆ ಎಂದು ನಿನಗೆ ಗೊತ್ತಲ್ಲ. ಮೊಗ್ಗು ಅರೆಬರೆ ಎದ್ದು, ಬಿಚ್ಚಲಾಗದೆ ಸುಟ್ಟುಹೋಗುತ್ತದೆ. ಹಾಗಾಗಿ ಕಣ್ಣೀರು ಹೇಗಾದರೂ ಬರಲಿ ಎಂದು ಊರೂರು ಕೂಟ ಸುತ್ತಬೇಡ.

ಒಣಗಿದವನು ನೀನೊಬ್ಬನೇ ಅಲ್ಲ. 88ನೆಯ ಕೀರ್ತನೆ ಓದು. ಬೇರೆ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಮದರ್ ತೆರೇಸಾ ಅವರ ಖಾಸಗಿ ಕಾಗದಗಳು 2007ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, ಪುಸ್ತಕವಾಗಿ ಬಂದವು. ಕಲ್ಕತ್ತದ ಆ ಕೆಲಸ ಶುರುವಾದ ಕಾಲದಿಂದ ದಶಕಗಟ್ಟಲೆ ಅವರಿಗೆ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಂದಿರಲಿಲ್ಲವಂತೆ. ನಾವು ಪ್ರೊಟೆಸ್ಟೆಂಟರು, ಸಂತರ ವಿಷಯದಲ್ಲಿ ಸ್ವಲ್ಪ ಬಿಗಿ. ಆದರೆ ಏನೂ ಅನಿಸದಿದ್ದರೂ ಬೆಳಗಿನ ಪ್ರಾರ್ಥನೆ ಬಿಡದೆ, ರೋಗಿಗಳ ಹಾಸಿಗೆ ಬಿಡದೆ ನಡೆದ ಆ ಹೆಂಗಸಿನಷ್ಟು ನಂಬಿಗಸ್ತರನ್ನು ನಮ್ಮ ಸಭೆಗಳಲ್ಲಿ ಹುಡುಕಿ ತೋರಿಸು ನೋಡೋಣ.

ಏನು ಮಾಡಬೇಕು ಅಂದರೆ, ಕಡಿಮೆ ಮಾಡು, ಬಿಡಬೇಡ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವ ಮಸ್ಟರ್‌ಗೆ ಹೊರಡುವ ಮುಂಚೆ ಒಂದು ಕೀರ್ತನೆ, ಗಟ್ಟಿಯಾಗಿ ಓದು. ನಿನ್ನ ಮಾತು ಹೊರಡದಿದ್ದರೆ ದಾವೀದನ ಮಾತು ಸಾಕು. ಆಮೇಲೆ ಕರ್ತನು ಕಲಿಸಿದ ಪ್ರಾರ್ಥನೆ. ಅಷ್ಟೇ. ಕೊಯ್ಲು ಮುಗಿದ ಮೇಲೆ ಹೂ ಇಲ್ಲವೆಂದು ನೀನು ತೋಟಕ್ಕೆ ಬೀಗ ಹಾಕುವುದಿಲ್ಲವಲ್ಲ. ಬೇಡದ ರೆಕ್ಕೆ ಕತ್ತರಿಸಿ ಕಸಿ ಮಾಡಿಸುತ್ತೀಯ, ಬುಡಕ್ಕೆ ತರಗೆಲೆ ಎಳೆಸುತ್ತೀಯ, ಬೆಂಕಿ ಬೀಳದಂತೆ ಅಂಚು ಸವರಿಸುತ್ತೀಯ. ಇನ್ನೊಂದು ಮಾತು. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ಯಾವ ಕೆಲಸವೂ ಬೇಡ ಅನಿಸುತ್ತಿದ್ದರೆ ಅದು ಪ್ರಾರ್ಥನೆಯೊಂದರ ವಿಷಯ ಅಲ್ಲ. ನಾಚಿಕೆ ಬಿಟ್ಟು ಡಾಕ್ಟರ್ ಹತ್ತಿರ ಹೋಗು.

ಪ್ರಶ್ನೆ: ಅಮ್ಮಾ, ನಾನು ಮೂಡಿಗೆರೆ ಕಡೆಯವಳು. ಸಭೆಯ ಹಾಡಿನ ತಂಡದ, ಅಂದರೆ ಕಾಯರ್, ವಿಷಯದಲ್ಲಿ ಒಬ್ಬ ಅಕ್ಕನ ಜೊತೆ ಮಾತಿಗೆ ಮಾತು ಬೆಳೆದು ಸಭೆಗೆ ಹೋಗುವುದು ಬಿಟ್ಟಿದ್ದೇನೆ. ಮನೆಯಲ್ಲೇ ಫೋನಿನಲ್ಲಿ ಆರಾಧನೆ ನೋಡುತ್ತೇನೆ. ಪ್ರಸಂಗ ನಮ್ಮ ಸಭೆಗಿಂತ ಚೆನ್ನಾಗಿರುತ್ತದೆ. ಇಷ್ಟು ಸಾಲದೇ?

ಉತ್ತರ: ಪ್ರಸಂಗ ಚೆನ್ನಾಗಿರುತ್ತದೆ, ಒಪ್ಪಿದೆ. ಹಾಸಿಗೆ ಹಿಡಿದವರಿಗೆ ಆ ಫೋನು ದೊಡ್ಡ ಉಪಕಾರ. ನಿಮಗೆ ಕಾಲು ಗಟ್ಟಿ ಇದೆಯಲ್ಲಮ್ಮಾ.

ನಿಮ್ಮ ತೋಟದಲ್ಲೂ ಕಾಫಿಯ ಎರಡೂ ಜಾತಿ ಇದ್ದೀತು. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಚ್ಚುತ್ತದೆ. ರೋಬಸ್ಟಾಗೆ ಅದು ಆಗದು. ಪಕ್ಕದ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಹೂ ಬಿಟ್ಟ ದಿನವೇ ಮಳೆ ಸುರಿದರೆ ರೋಬಸ್ಟಾದವರು ತಲೆ ಮೇಲೆ ಕೈ ಹೊರುವುದು ಅದಕ್ಕೇ. ನಮ್ಮಲ್ಲಿ ಜಾಸ್ತಿ ಜನ ತಾವು ಅರೇಬಿಕಾ ಎಂದುಕೊಂಡಿರುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ.

ಸಭೆಯಾಗಿ ಕೂಡುವುದನ್ನು ಬಿಡಬೇಡಿ ಎಂಬ ಮಾತು ಇಬ್ರಿಯರ ಪತ್ರಿಕೆಯ 10ನೆಯ ಅಧ್ಯಾಯದಲ್ಲಿದೆ. ಅದನ್ನು ಓದಿದ ಜನ ಬೀದಿಯಲ್ಲಿ ಅವಮಾನ ಉಂಡವರು, ಆಸ್ತಿ ಕಳೆದುಕೊಂಡವರು. ಅಂಥವರಿಗೇ ಆ ಮಾತು ಹೇಳಿದ್ದಾದರೆ, ಕಾಯರ್ ಜಗಳಕ್ಕೆ ನಾನೇನು ವಿನಾಯಿತಿ ಕೊಡಲಿ?

ಬರುವ ಭಾನುವಾರ ಹೋಗಿ. ಆ ಅಕ್ಕನ ಮುಖ ನೋಡಲು ಆಗದಿದ್ದರೆ ಬೇರೆ ಬೆಂಚಿನಲ್ಲಿ ಕೂತುಕೊಳ್ಳಿ, ಅಡ್ಡಿಯಿಲ್ಲ. ಆದರೆ ಮುಂದಿನ ಕರ್ತನ ಭೋಜನಕ್ಕೆ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ, ಗಂಡಸರು ಬಂದರೆ ಇಂಥ ಮಾತು ಕಮಿಟಿ ಮೀಟಿಂಗ್ ಆಗಿಬಿಡುತ್ತದೆ. ಕಾಯರಿಗೆ ಮತ್ತೆ ಸೇರುವ ವಿಷಯ ಆಮೇಲೆ ನೋಡೋಣ.