ಬಿದ್ದದ್ದು ಯಾರ ತಪ್ಪಿನಿಂದ ಎಂಬುದನ್ನು ಬರೆಯಿರಿ

ಪ್ರಿಯರೆ,

ಬಾಗಲಕೋಟೆಯಿಂದ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ನವನಗರದ ಸೋದರಮಾವನ ಮನೆಯಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ, ಟಿವಿಗೆ ಜೋಡಿಸಿದ ವಿಡಿಯೋ ಗೇಮ್ ಮುಂದೆ ಕುಳಿತು ನೀವೂ ನಿಮ್ಮ ತಂಗಿಯೂ ಆಡಿದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಗುಣದೋಷಗಳನ್ನು ವಿವರಿಸುವುದು ನಿಮ್ಮ ಉದ್ದೇಶ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾಗುವುದಿಲ್ಲ. ಆದರೆ ವಿಷಾದದ ಒಂದು ಸಾಲು ಬರೆದು ಹಿಂದಿರುಗಿಸಲು ನನಗೆ ಮನಸ್ಸಾಗಲಿಲ್ಲ. ಇದೇ ಆಟವನ್ನು ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯರೊಡನೆ ವರ್ಷಗಟ್ಟಲೆ ಆಡಿದವನು ನಾನು. ಕನ್ನಡದಲ್ಲಿ ಇಂಥ ಆಟಗಳ ಬಗ್ಗೆ ತೂಕವಾಗಿ ಬರೆಯುವವರು ಬೇಕೆಂಬ ಆಸೆಯೂ ನನಗಿದೆ.

ಮೊದಲ ಮೂರು ಪುಟಗಳನ್ನು ಪೂರ್ತಿ ತೆಗೆದುಬಿಡಿ. ಈ ಆಟವನ್ನು ತಯಾರಿಸಿದ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತ ಆರಂಭವಾಯಿತು ಎಂಬುದು ನಿಜವೇ, ಆದರೆ ನಿಮ್ಮ ಮುಂದಿನ ಮಾತಿಗೆ ಅದು ಎಲ್ಲಿಯೂ ಆಧಾರವಾಗಿ ನಿಲ್ಲುವುದಿಲ್ಲ. ಆಟ 1985ರಲ್ಲಿ ಬಂತು, ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದನ್ನು ರೂಪಿಸಿದರು ಎಂಬ ಒಂದು ವಾಕ್ಯ ಸಾಕು. ಹಾಗೆಯೇ ‘ವೇದಿಕಾಧಾರಿತ ಕ್ರೀಡೆ’ ಎಂಬ ನಿಮ್ಮ ಪದವನ್ನೂ ಬಿಡಿ. ಅದನ್ನು ಓದಿದ ವಿಜಯಪುರದ ಹುಡುಗನಿಗೆ ನಾಟಕದ ರಂಗಸ್ಥಳ ನೆನಪಾದೀತೇ ಹೊರತು ಮಾರಿಯೋ ನೆನಪಾಗುವುದಿಲ್ಲ. ಪ್ಲಾಟ್‌ಫಾರ್ಮ್ ಗೇಮ್ ಎಂದೇ ಬರೆದು, ಓಡುತ್ತ, ಹೊಂಡ ದಾಟುತ್ತ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರುತ್ತ ಸಾಗುವ ಆಟ ಎಂದು ಒಮ್ಮೆ ವಿವರಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಇನ್ನು ಮುಖ್ಯವಾದ ಮಾತು. ಆಟದ ಬಲವನ್ನು ಹೇಳುವಾಗ ನೀವು ‘ಅದ್ಭುತ’ ಎಂಬ ಪದವನ್ನು ಹನ್ನೊಂದು ಸಲವೂ, ತೊಂದರೆಯನ್ನು ಹೇಳುವಾಗ ‘ಕಿರಿಕಿರಿ’ ಎಂಬುದನ್ನು ಒಂಬತ್ತು ಸಲವೂ ಬಳಸಿದ್ದೀರಿ. ಇವೆರಡೂ ನಿಮ್ಮ ಮನಸ್ಸಿನ ಸ್ಥಿತಿಯನ್ನು ಹೇಳುತ್ತವೆಯೇ ವಿನಾ ಆಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೆರಳಿನ ತನಕ ಇಳಿದು ಬರೆಯಿರಿ. ಗುಂಡಿಯನ್ನು ತಟ್ಟಿ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ, ಓಡುತ್ತ ಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿರುವಾಗಲೂ ಆಟದ ನಾಯಕ ಮಾರಿಯೋನನ್ನು ತುಸು ಹಿಂದಕ್ಕೋ ಮುಂದಕ್ಕೋ ಎಳೆಯಬಹುದು. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಇದೇ ಮಾರಿಯೋ ಒಮ್ಮೆ ನೆಲ ಬಿಟ್ಟರೆ ಮುಗಿಯಿತು, ನಡುವೆ ದಿಕ್ಕು ತಿದ್ದಿಕೊಳ್ಳುವ ಅವಕಾಶವೇ ಇರಲಿಲ್ಲ. ನಾಲ್ಕು ವರ್ಷಗಳಲ್ಲಿ ಆದ ಈ ಬದಲಾವಣೆಯೇ ಆಟದ ಜೀವಾಳ. ನಿಮ್ಮ ಕಿರಿಕಿರಿಗೂ ಇದೇ ಮೂಲ ಎಂಬುದನ್ನು ಗಮನಿಸಿ. ಓಟಕ್ಕೆ ತೂಕವಿರುವುದರಿಂದಲೇ ಜಿಗಿತಕ್ಕೆ ಸೊಗಸು ಬಂದಿದೆ. ಅದೇ ತೂಕದಿಂದಾಗಿ ನಿಲ್ಲಬೇಕೆಂದ ಜಾಗದಲ್ಲಿ ಅವನು ನಿಲ್ಲದೆ ಒಂದು ಹೆಜ್ಜೆ ಜಾರಿ ಹೊಂಡಕ್ಕೆ ಬೀಳುತ್ತಾನೆ. ನೀವು ಒಂದನ್ನು ನಾಲ್ಕನೆಯ ಪುಟದಲ್ಲಿ ಹೊಗಳಿ, ಇನ್ನೊಂದನ್ನು ಆರನೆಯ ಪುಟದಲ್ಲಿ ತೆಗಳಿದ್ದೀರಿ. ಎರಡೂ ಒಂದೇ ಪ್ಯಾರಾದಲ್ಲಿ ಇರಬೇಕಾದವು.

ಆದ್ದರಿಂದ ಪ್ರತಿಯೊಂದು ಸೋಲಿನ ಬಳಿಯೂ ನಿಂತು, ಇದು ಆಡುವವನ ತಪ್ಪೇ, ಆಟ ಕಟ್ಟಿದವರ ತಪ್ಪೇ ಎಂದು ಕೇಳಿಕೊಳ್ಳಿ. ಮೊದಲ ಹಂತವನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲ ಅಣಬೆ ಇಟ್ಟಿಗೆಯ ಮೇಲಿಂದ ಜಾರಿ, ಕೊಳವೆಗೆ ಬಡಿದು, ನಮ್ಮ ಕಡೆಗೇ ತಿರುಗಿ ಬರುತ್ತದೆ. ಅದನ್ನು ವೈರಿಯೆಂದು ಹೆದರಿ ಹಾರಲು ಹೋದರೂ ತಲೆ ಇಟ್ಟಿಗೆಗೆ ತಾಗಿ ಕೆಳಗಿಳಿಯುತ್ತೇವೆ, ಅಣಬೆ ಮೈಗೆ ಸೋಕುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಮುಂದೆ ಮೆಟ್ಟಿಲುಗಳ ಎರಡು ಜೋಡಿಗಳು ಬರುತ್ತವೆ. ಮೊದಲ ಜೋಡಿಯ ನಡುವೆ ನೆಲವಿದೆ, ಅಲ್ಲಿ ಬಿದ್ದರೆ ಎದ್ದು ಮತ್ತೆ ಹತ್ತಬಹುದು. ಎರಡನೆಯದರ ನಡುವೆ ನೆಲವಿಲ್ಲ. ಗರಡಿ ಮನೆಯ ಉಸ್ತಾದರು ಹೊಸ ಹುಡುಗನಿಗೆ ಮೊದಲು ಮೆತ್ತನೆಯ ಕೆಮ್ಮಣ್ಣಿನ ಮೇಲೆ ಬೀಳುವುದನ್ನು ಕಲಿಸುವ ರೀತಿ ಇದು. ಇಷ್ಟಾದ ಮೇಲೂ ಬಿದ್ದರೆ ತಪ್ಪು ನಮ್ಮದೆಂದು ಒಪ್ಪಿಕೊಳ್ಳಬೇಕು, ಮತ್ತೆ ಆಡಬೇಕೆಂಬ ಹಟವೂ ಆ ಒಪ್ಪಿಗೆಯಿಂದಲೇ ಹುಟ್ಟುತ್ತದೆ. ನೀವು ಈ ಹಂತವನ್ನು ‘ಸುಲಭವಾಗಿದೆ’ ಎಂಬ ಒಂದೇ ಪದದಲ್ಲಿ ದಾಟಿಸಿದ್ದೀರಿ.

ಇದಕ್ಕೆ ವಿರುದ್ಧವಾಗಿ, ನಾಲ್ಕನೆಯ ಲೋಕದ (ಆಟದ ನಾಲ್ಕು ಹಂತಗಳ ಒಂದೊಂದು ಗುಂಪೂ ಒಂದು ಲೋಕ) ಕೋಟೆಯಲ್ಲಿ ತಪ್ಪು ನಿಜವಾಗಿಯೂ ಆಟದ್ದು. ಮೇಲಿನ ದಾರಿ ಸರಿಯೋ ಕೆಳಗಿನದು ಸರಿಯೋ ಎಂಬುದಕ್ಕೆ ಅಲ್ಲಿ ಗುರುತಿಲ್ಲ, ದನಿಯಿಲ್ಲ. ತಪ್ಪಿದರೆ ಅದೇ ಗೋಡೆ, ಅದೇ ಕೊಳವೆ ಮತ್ತೆ ಮತ್ತೆ ಬರುತ್ತವೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಏಳನೆಯ ಲೋಕದ ಕೋಟೆಯೂ ಇಂಥದ್ದೇ. 1993ರಲ್ಲಿ ‘ಸೂಪರ್ ಮಾರಿಯೋ ಆಲ್-ಸ್ಟಾರ್ಸ್’ ಎಂಬ ಸಂಗ್ರಹದಲ್ಲಿ ಈ ಆಟವನ್ನು ಮತ್ತೆ ತಂದಾಗ ಸರಿದಾರಿಗೂ ತಪ್ಪುದಾರಿಗೂ ಬೇರೆ ಬೇರೆ ದನಿ ಸೇರಿಸಿದರು, ಆಡಿದಷ್ಟನ್ನು ಉಳಿಸಿಡುವ ಸೌಲಭ್ಯವನ್ನೂ ಕೊಟ್ಟರು. ಕಟ್ಟಿದವರೇ ತಿದ್ದಿಕೊಂಡ ದೋಷವನ್ನು ನೀವು ಧೈರ್ಯವಾಗಿ ದೋಷವೆನ್ನಬಹುದು. ಕೋಜಿ ಕೊಂಡೋ ಈ ಆಟಕ್ಕೆ ಮಾಡಿದ ಸಂಗೀತಕ್ಕೆ ನೀವು ಕೊಟ್ಟ ಗೋಲಗುಮ್ಮಟದ ಹೋಲಿಕೆ ಅಲ್ಲಿ ಹೊಂದುವುದಿಲ್ಲ. ಅದನ್ನು ಈ ಕೋಟೆಯ ಬಳಿಗೆ ತನ್ನಿ. ಕೂಗಿದ್ದೇ ಮರಳಿ ಮರಳಿ ಕೇಳುವ ಆ ಅನುಭವ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಕರೆಂಟು ಹೋಗಿ ಆಟ ಮೊದಲಿಗೆ ಬಂದದ್ದು, ಕ್ಯಾಸೆಟ್ ತೆಗೆದು ಬಾಯಿಂದ ಊದಿ ಮತ್ತೆ ಹಾಕಿದ್ದು, ನಕಲಿ ಗೇಮ್ ಯಂತ್ರದ ಗುಂಡಿ ಒಳಗೇ ಸಿಕ್ಕಿಕೊಂಡದ್ದು, ಇವನ್ನೂ ನೀವು ಆಟದ ಲೆಕ್ಕಕ್ಕೇ ಬರೆದಿದ್ದೀರಿ. ನೆನಪಾಗಿ ಅವು ಇರಲಿ, ಆರೋಪವಾಗಿ ಬೇಡ. ಆದರೆ ಮೂವತ್ತೆರಡು ಹಂತಗಳ ಆಟದಲ್ಲಿ ಉಳಿಸಿಡುವ ವ್ಯವಸ್ಥೆಯೇ ಇರಲಿಲ್ಲ ಎಂಬ ದೂರು ನ್ಯಾಯವಾದದ್ದು. ಅದರ ಪಕ್ಕದಲ್ಲಿಯೇ ಒಳದಾರಿಯಾಗಿ ಒದಗುವ ಕೊಳವೆಗಳ ಮಾತನ್ನೂ ಬರೆಯಬೇಕು. ಮೊದಲ ಲೋಕದ ಎರಡನೆಯ ಹಂತದಲ್ಲಿ ಚಾವಣಿಯ ಮೇಲೆ ನಡೆದು ಹೋದವನು ನೇರವಾಗಿ ನಾಲ್ಕನೆಯ ಲೋಕಕ್ಕೂ, ಅಲ್ಲಿನ ಎರಡನೆಯ ಹಂತದಿಂದ ಎಂಟನೆಯದಕ್ಕೂ ಹೋಗಬಲ್ಲ. ಹಾಗೆ ಹೋದರೆ ಎಂಟೇ ಹಂತಗಳಲ್ಲಿ ಆಟ ಮುಗಿಯುತ್ತದೆ. ಕರೆಂಟು ಯಾವಾಗ ಹೋದೀತೆಂದು ಕಾಯುತ್ತ ಆಡಿದ ನಮ್ಮಂಥವರಿಗೆ ಆ ಕೊಳವೆಗಳ ಬೆಲೆ ಏನೆಂದು ನಿಮಗಿಂತ ಚೆನ್ನಾಗಿ ಯಾರು ಬರೆಯಬಲ್ಲರು?

ಒಂದು ಸಣ್ಣ ತಿದ್ದುಪಡಿ. ಮೊದಲ ಹಂತಕ್ಕೆ 400 ಸೆಕೆಂಡ್ ಸಮಯವಿದೆ ಎಂದು ಬರೆದಿದ್ದೀರಿ. ಪರದೆಯ ಮೇಲಿನ ಒಂದು ಎಣಿಕೆ ಅರ್ಧ ಸೆಕೆಂಡಿಗಿಂತಲೂ ಕಡಿಮೆ. ಹಾಗಾಗಿ ನಿಜವಾದ ಸಮಯ ನೀವು ಹೇಳಿದ್ದರ ಅರ್ಧವೂ ಇಲ್ಲ.

ನಿಮ್ಮ ಲೇಖನದಲ್ಲಿ ನಾನು ಪೆನ್ಸಿಲ್ ಮುಟ್ಟಿಸದ ಪ್ಯಾರಾ ಒಂದಿದೆ. ಇಬ್ಬರು ಆಡುವಾಗ ಮೊದಲಿನವನು ಔಟಾದರೆ ಮಾತ್ರ ಎರಡನೆಯವರಿಗೆ ಸರದಿ ಬರುತ್ತಿತ್ತು. ನೀವು ಹೊಂಡದ ಅಂಚಿಗೆ ಬಂದಾಗಲೆಲ್ಲ ತಂಗಿ ಉಸಿರು ಬಿಗಿಹಿಡಿದು, ‘ಅಣ್ಣಾ, ಬೀಳೋ, ಬೀಳೋ’ ಎಂದು ಮೆಲ್ಲಗೆ ಅನ್ನುತ್ತಿದ್ದಳು ಎಂದು ಬರೆದಿದ್ದೀರಿ. ಚೆನ್ನಾಗಿ ಆಡುವವನ ಪಕ್ಕದಲ್ಲಿ ಕುಳಿತವರು ಅರ್ಧ ಮಧ್ಯಾಹ್ನ ಸುಮ್ಮನೆ ಕಾಯಬೇಕಾಗುವ ಈ ಏರ್ಪಾಡು ಆಟದ ದೊಡ್ಡ ಕೊರತೆಗಳಲ್ಲಿ ಒಂದು, ಮತ್ತು ಅದನ್ನು ನೀವು ಆ ಹೆಸರಿನಿಂದ ಕರೆಯದೆಯೇ ಕಾಣಿಸಿದ್ದೀರಿ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಆದರೆ ಆ ಪ್ಯಾರಾ ಅರ್ಧಕ್ಕೆ ನಿಂತಿದೆ: ನೀವು ಬಿದ್ದ ಮೇಲೆ ಅವಳ ಕೈಗೆ ರಿಮೋಟ್ ಬಂತು, ಮುಂದೇನಾಯಿತು? ಅವಳು ಯಾವ ಹಂತದವರೆಗೆ ಹೋದಳು, ಎಲ್ಲಿ ಬಿದ್ದಳು? ಅವಳನ್ನೇ ಕೇಳಿ, ಬರೆದು, ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಕಳುಹಿಸಿ.

ನಿಮ್ಮ ವಿಶ್ವಾಸದ
ಸಂಪಾದಕ, ಬೆಳಗಾವಿ