ಅಣ್ಣನ ಕೈಗೆ ಎಟುಕುವ ಸ್ವಿಚ್ಚು

ಗಾಡಿ ಕರೆಂಟಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕೋಲಾರದ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಉತ್ತರ

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ಶ್ರೀನಿವಾಸಪುರದ ಪಕ್ಕದ ಹಳ್ಳಿ. ಆರು ವರ್ಷದ ಹಿಂದೆ ನಮ್ಮಣ್ಣ ಮಾವಿನ ಮರದಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಬ್ಯಾಟರಿ ವೀಲ್‌ಚೇರಿನಲ್ಲಿ ಓಡಾಡುತ್ತಾರೆ. ಊರೂರು ನೋಡಬೇಕೆಂಬ ಆಸೆ ಅವರಿಗೆ. ಆದರೆ ಹೋದ ಲಾಡ್ಜಿನಲ್ಲೆಲ್ಲ ಮೆಟ್ಟಿಲು, ಇಲ್ಲವಾದರೆ ಬಾತ್‌ರೂಮಿನ ಬಾಗಿಲು ಕಿರಿದು. ಅದಕ್ಕೇ ಹತ್ತು ಅಡಿ ಕಂಟೇನರ್ ಬಾಡಿಯ ಹಳೇ ಗೂಡ್ಸ್ ಗಾಡಿ ತಗೊಂಡಿದ್ದೀವಿ. ಒಳಗೆ ಮಂಚ, ಫ್ಯಾನು, ಲೈಟು, ಅಣ್ಣನ ಗಾಳಿ ಹಾಸಿಗೆಯ ಪಂಪು, ಸಣ್ಣ ಫ್ರಿಜ್ಜು, ವೀಲ್‌ಚೇರ್ ಚಾರ್ಜರ್ ಬೇಕು. ಹಿಂದೆ ಕರೆಂಟ್ ಲಿಫ್ಟು. ಇಂಡಕ್ಷನ್ ಒಲೆಯೂ ಇಡೋಣ ಅಂತಿದ್ದೀವಿ. ಮನೆಗೆ ಹಾಕುವ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ, 1500 ವ್ಯಾಟ್ ಇನ್ವರ್ಟರ್ ಸಾಕಾ? ಯಾವ ವೈರ್ ಎಳೀಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬ್ಯಾಟರಿ ಇದೆ, ಇನ್ವರ್ಟರ್ ಇದೆ, ವೈರೂ ಇದೆ. ಮೇನ್ ಸ್ವಿಚ್ಚು ಎಲ್ಲಿರುತ್ತದೆ ಅನ್ನುವುದು ಮಾತ್ರ ಇಲ್ಲ. ನಾನೂ ಒಂದು ಸಲ ಅದನ್ನೇ ಮರೆತಿದ್ದೆ.

ನಮ್ಮ ಚಿಕ್ಕಪ್ಪನಿಗೆ ಲಕ್ವ ಹೊಡೆದ ಮೇಲೆ ಒಂದು ವ್ಯಾನಿಗೆ ಇದೇ ಥರ ವೈರಿಂಗ್ ಮಾಡಿಕೊಟ್ಟೆ. ಡೂಂಲೈಟ್ ಸರ್ಕಲ್ ಕಡೆಯಿಂದ ಟೇಕಲ್ ರಸ್ತೆವರೆಗೆ ಎಲ್ಲ ಗಾಡಿಯವರೂ ನನ್ನ ಹತ್ತಿರ ಬರುತ್ತಿದ್ದ ಕಾಲ, ಕೊಬ್ಬು ಜಾಸ್ತಿ. ಒಂದು ರಾತ್ರಿ ಬೇತಮಂಗಲದ ಹತ್ತಿರ ತೋಟದಲ್ಲಿ ಗಾಡಿ ನಿಲ್ಲಿಸಿದ್ದೆವು. ನಾನು ತೊಟ್ಟಿ ಹತ್ತಿರ ಕೈಕಾಲು ತೊಳೆಯುತ್ತಿದ್ದೆ. ಒಳಗಿಂದ ಚಿಕ್ಕಪ್ಪ ಕೂಗಿದರು. ಓಡಿ ಹೋದರೆ ಸುಟ್ಟ ವಾಸನೆ, ಹೊಗೆ. ತಗಡಿನ ತೂತಿನಲ್ಲಿ ವೈರ್ ತೂರಿಸಿದ್ದೆ, ಅಂಚಿಗೆ ಗ್ರಾಮೆಟ್ ಅನ್ನುವ ರಬ್ಬರ್ ಬಳೆ ಹಾಕಿರಲಿಲ್ಲ. ಗಾಡಿ ಅಲುಗಾಡಿ ಅಲುಗಾಡಿ ತಗಡಿನ ಅಂಚು ವೈರಿನ ಸಿಪ್ಪೆ ಕೊಯ್ದಿತ್ತು. ಅದು 1.5 ಚದರ ಎಂಎಂ ವೈರು. ಅದಕ್ಕೆ ಹಾಕಿದ್ದ ಫ್ಯೂಸು 30 ಆಂಪಿಯರಿನದು. ವೈರ್ ಕಾದು ಕೆಂಪಗಾದರೂ ಫ್ಯೂಸ್ ಹೋಗಲಿಲ್ಲ. ಹೋಗುವುದಾದರೂ ಹೇಗೆ, ಹತ್ತರ ಜಾಗಕ್ಕೆ ಮೂವತ್ತು ಹಾಕಿದವನು ನಾನೇ. ಮೇನ್ ಸ್ವಿಚ್ಚು ಡ್ರೈವರ್ ಸೀಟಿನ ಹಿಂದೆ. ಚಿಕ್ಕಪ್ಪ ಕೂತಿದ್ದ ಜಾಗದಿಂದ ನಾಲ್ಕೇ ಅಡಿ. ಆ ನಾಲ್ಕು ಅಡಿ ಅವರಿಗೆ ಎಟುಕಲಿಲ್ಲ.

ಹಾಗಾಗಿ ವೈರ್ ಕೊಳ್ಳುವ ಮೊದಲು ಒಂದು ಸೀಮೆಸುಣ್ಣ ತಗೊಳ್ಳಿ. ಖಾಲಿ ಕಂಟೇನರಿನೊಳಗೆ ಅಣ್ಣನನ್ನು ಅವರದೇ ವೀಲ್‌ಚೇರಿನಲ್ಲಿ ಕೂರಿಸಿ. ಕೈ ಚಾಚಿ ಗೋಡೆ ಮೇಲೆ ಗುರುತು ಹಾಕಲು ಹೇಳಿ. ನೀವು ಹಾಕಬೇಡಿ, ಅವರೇ ಹಾಕಲಿ. ಮೂಲೆಯಲ್ಲಿ ಸ್ವಿಚ್ಚಿಟ್ಟರೆ ಕೈಗಿಂತ ಮೊದಲು ಫುಟ್‌ರೆಸ್ಟ್ ಹೋಗಿ ಗೋಡೆಗೆ ತಗಲುತ್ತದೆ, ಆಗ ಗೊತ್ತಾಗುತ್ತದೆ ನೋಡಿ. ಮೂಲೆಯಿಂದ ಎರಡು ಅಡಿಯಾದರೂ ಈಚೆಗೆ, ಪಕ್ಕದ ಗೋಡೆಯಲ್ಲಿರಲಿ. ಆಮೇಲೆ ಅವರನ್ನು ಮಂಚದ ಮೇಲೆ ಮಲಗಿಸಿ ಇನ್ನೊಂದು ಸುತ್ತು ಗುರುತು ಹಾಕಿಸಿ. ಚಾರ್ಜರಿನ ಪ್ಲಗ್ ಪಾಯಿಂಟು ನೆಲದ ಹತ್ತಿರ ಬೇಡ. ಬಗ್ಗಿದರೆ ಮುಗ್ಗರಿಸುತ್ತಾರೆ. ಮಂಡಿಗಿಂತ ಮೇಲಿರಲಿ.

ಮೇನ್ ಸ್ವಿಚ್ಚಿಗೆ ದಪ್ಪ ಕೇಬಲ್ ಬರುತ್ತದೆ, ಅದನ್ನು ಮಂಚದವರೆಗೆ ಎಳೆದು ತರುವುದು ದಂಡ. ಬ್ಯಾಟರಿ ಪಕ್ಕದಲ್ಲೇ ಲ್ಯಾಚಿಂಗ್ ರಿಲೇ (ಬಟನ್ ಒಂದು ಸಲ ಒತ್ತಿದರೆ ಹಾಗೇ ನಿಲ್ಲುವ ಕರೆಂಟ್ ಸ್ವಿಚ್ಚು) ಇರುವ ರಿಮೋಟ್ ಬ್ಯಾಟರಿ ಸ್ವಿಚ್ ಹಾಕಿ. ಅದರಿಂದ ಸಣ್ಣ ವೈರಿನಲ್ಲಿ ಎರಡು ಬಟನ್ ಎಳೆಯಿರಿ, ಒಂದು ಮಂಚದ ಪಕ್ಕ, ಒಂದು ಬಾಗಿಲ ಹತ್ತಿರ. ಜೊತೆಗೆ ಕೈಯಲ್ಲಿ ತಿರುಗಿಸುವ ಮಾಮೂಲಿ ಕಟಾಫೂ ಇರಲಿ, ರಿಲೇ ಕೆಟ್ಟ ದಿನಕ್ಕೆ.

ಈಗ ಲೆಕ್ಕ. ವೀಲ್‌ಚೇರಿನದು ಸಾಮಾನ್ಯವಾಗಿ 24 ವೋಲ್ಟು, 35 ಎಎಚ್ ಆಸುಪಾಸು. ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ ವ್ಯಾಟ್ ಅವರ್, ದಿನಕ್ಕೆ ಅರ್ಧ ಖರ್ಚಾದರೆ 420. ಚಾರ್ಜರ್, ಇನ್ವರ್ಟರುಗಳಲ್ಲಿ ಸೋರುವುದು ಸೇರಿಸಿ 550 ಅನ್ನಿ. ಹಾಸಿಗೆ ಪಂಪು ಹತ್ತು ವ್ಯಾಟು, ರಾತ್ರಿ ಹತ್ತು ಗಂಟೆ, ಅಲ್ಲಿಗೆ 100. ಫ್ಯಾನು 250, ಲೈಟು 80, ಫೋನುಗಳು 40. ಹನ್ನೆರಡು ವೋಲ್ಟಿನ ಸಣ್ಣ ಫ್ರಿಜ್ಜು ದಿನಕ್ಕೆ 500ರ ಹತ್ತಿರ. ಒಟ್ಟು ಸಾವಿರದ ಐನೂರು ದಾಟಿತು. ನಿಮ್ಮ ಟ್ಯೂಬುಲರ್ ಬ್ಯಾಟರಿಯಲ್ಲಿ ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ, ಅಂದರೆ 900. ಸಾಲದು. ತೂಕ ಐವತ್ತು ಕೆಜಿ ದಾಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಬಾಗಿಲು ಹಾಕಿಕೊಂಡು ಮಲಗುವ ಡಬ್ಬದೊಳಗೆ ಅದು ಬೇಡವೇ ಬೇಡ.

ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ. 12.8 ವೋಲ್ಟು, 200 ಎಎಚ್. ಅದು 2560 ವ್ಯಾಟ್ ಅವರ್. ದುಬಾರಿ, ನಿಜ. ಮೇಲೆ 400 ವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿದರೆ ನಮ್ಮ ಕಡೆಯ ಒಳ್ಳೇ ಬಿಸಿಲಿಗೆ ದಿನಕ್ಕೆ ಹೆಚ್ಚುಕಮ್ಮಿ 1400 ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ನಂಬಬೇಡಿ. ಗಾಡಿ ಓಡುವಾಗ ಚಾರ್ಜ್ ಆಗಲು 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಬೇಕು, ಅದು ಇಂಜಿನ್ ಕಡೆಯ ಕರೆಂಟನ್ನು ಅಳತೆ ಮಾಡಿ ಬ್ಯಾಟರಿಗೆ ಕೊಡುತ್ತದೆ. ಎರಡು ಗಂಟೆ ಓಡಿಸಿದರೆ 800ರಷ್ಟು ತುಂಬುತ್ತದೆ. ಆಲ್ಟರ್ನೇಟರಿನಿಂದ, ಅಂದರೆ ಇಂಜಿನ್ ತಿರುಗಿಸುವ ಕರೆಂಟ್ ಯಂತ್ರದಿಂದ, ನೇರ ಎಳೆದುಬಿಡಬೇಡಿ. ಲಿಥಿಯಂ ಎಷ್ಟು ಕೊಟ್ಟರೂ ಕುಡಿಯುತ್ತದೆ, ಆಲ್ಟರ್ನೇಟರ್ ಕಾದು ಸಾಯುತ್ತದೆ.

ಇನ್ನು ಲಿಫ್ಟು. ಇಳಿಜಾರು ಹಲಗೆ ಸಾಲದಾ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಕಂಟೇನರ್ ನೆಲ ಮೂರಡಿ ಎತ್ತರ ಇದ್ದರೆ ಹಲಗೆ ಮೂವತ್ತಾರು ಅಡಿ. ಗಾಡಿಗಿಂತ ಹಲಗೆಯೇ ಉದ್ದ! ಲಿಫ್ಟೇ ಸರಿ. ಆದರೆ ಅದನ್ನು ಲಿಥಿಯಂ ಬ್ಯಾಟರಿಗೆ ಕೊಡಬೇಡಿ. ಹೈಡ್ರಾಲಿಕ್ ಲಿಫ್ಟಿನ ಮೋಟಾರು ನೂರು ಆಂಪಿಯರ್ ಆಸುಪಾಸು ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಲಿಥಿಯಂ ಒಳಗಿನ ಬಿಎಂಎಸ್ ಅನ್ನುವ ಕಾವಲುಗಾರ ಅದನ್ನು ಶಾರ್ಟ್ ಅಂದುಕೊಂಡು ಇಡೀ ಬ್ಯಾಟರಿಯನ್ನೇ ಮುಚ್ಚಿಬಿಡಬಹುದು. ಆಗ ಅಣ್ಣ ಅರ್ಧ ಆಕಾಶದಲ್ಲಿ, ಒಳಗೆ ಕತ್ತಲೆ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಲಿಫ್ಟನ್ನು ಕೊಡಿ, ಅದಕ್ಕೇ ಬೇರೆ ಬ್ರೇಕರ್ ಇಟ್ಟು. ಅರ್ಧ ನಿಮಿಷಕ್ಕೆ ಒಂದು ಎಎಚ್ ಕೂಡ ಖರ್ಚಾಗುವುದಿಲ್ಲ. ಕೈಯಲ್ಲೇ ಏರಿಸಿ ಇಳಿಸುವ ವ್ಯವಸ್ಥೆ ಇಲ್ಲದ ಲಿಫ್ಟನ್ನು ಬಿಟ್ಟಿ ಕೊಟ್ಟರೂ ತರಬೇಡಿ.

ವೈರಿನ ವಿಷಯಕ್ಕೆ ಬರೋಣ. ಕೋಲಾರದವರಿಗೆ ಇದು ಬೇಗ ಅರ್ಥವಾಗಬೇಕು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಕರೆಂಟು ಬಂತು, ಸುಮಾರು 147 ಕಿಲೋಮೀಟರ್. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅಷ್ಟು ದೂರ ಹೆಚ್ಚು ಸೋರದೆ ಬಂದದ್ದು ವೋಲ್ಟೇಜನ್ನು ಸಾವಿರಾರಕ್ಕೆ ಏರಿಸಿ ಕಳಿಸಿದ್ದರಿಂದ. ವೋಲ್ಟೇಜ್ ಏರಿದರೆ ಅದೇ ಕೆಲಸಕ್ಕೆ ಆಂಪಿಯರ್ ಕಡಿಮೆ ಸಾಕು. ನಿಮ್ಮ ಗಾಡಿಯದು ತಿರುಗುಮುರುಗು. ಹನ್ನೆರಡೇ ವೋಲ್ಟು, ಆಂಪಿಯರ್ ರಾಶಿ. ಅದಕ್ಕೇ ವೈರ್ ದಪ್ಪ ಬೇಕು.

ಬ್ಯಾಟರಿಯಿಂದ ನಾಲ್ಕು ಮೀಟರ್ ದೂರದ ಬೋರ್ಡಿಗೆ ಹತ್ತು ಆಂಪಿಯರ್ ಹೋಗಬೇಕು ಅನ್ನಿ. ಹೋಗಿ ಬರುವುದು ಎಂಟು ಮೀಟರ್. 1.5ರ ವೈರಿನಲ್ಲಿ ದಾರಿಯಲ್ಲೇ ಒಂದು ವೋಲ್ಟು ಹೋಗುತ್ತದೆ. ಮನೆಯ 230ರಲ್ಲಿ ಒಂದು ವೋಲ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡರಲ್ಲಿ ಒಂದು ಹೋದರೆ ಬ್ಯಾಟರಿ ತುಂಬಿದ್ದರೂ ಫ್ರಿಜ್ಜು ಚಾರ್ಜ್ ಇಲ್ಲ ಅಂದುಕೊಂಡು ನಿಲ್ಲುತ್ತದೆ. 4 ಚದರ ಎಂಎಂ ಹಾಕಿ, ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ. ತಾಮ್ರದ ಮಲ್ಟಿಸ್ಟ್ರಾಂಡ್ ವೈರೇ ಆಗಬೇಕು. ಮನೆಯ ಗಟ್ಟಿ ಒಂಟಿ ಎಳೆ ವೈರು ಅಲುಗಾಟಕ್ಕೆ ಮುರಿಯುತ್ತದೆ. ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಬಳೆ) ಹಾಕಿ ಒಳ್ಳೇ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ಸುತ್ತಿ ಟೇಪ್ ಹಾಕುವ ಕೆಲಸ ನನ್ನ ಕಣ್ಣಿಗೆ ಬೀಳಿಸಬೇಡಿ. ತಗಡಿನ ತೂತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ರಬ್ಬರ್ ಗ್ರಾಮೆಟ್. ಫ್ಯೂಸು ಇರುವುದು ಫ್ಯಾನನ್ನೋ ಫ್ರಿಜ್ಜನ್ನೋ ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. 1.5ಕ್ಕೆ 10 ಆಂಪಿಯರ್, 4ಕ್ಕೆ 20. ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಮೇನ್ ಫ್ಯೂಸ್. ಲಿಥಿಯಂ ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪಿಯರ್ ನುಗ್ಗುತ್ತದೆ, ಹಾಗಾಗಿ ಅಷ್ಟು ದೊಡ್ಡ ಹೊಡೆತವನ್ನೂ ಕಡಿಯುವ ಕ್ಲಾಸ್ ಟಿ ಫ್ಯೂಸ್ ಹುಡುಕಿ. ಮನೆಯ ಎಂಸಿಬಿ (ತಾನೇ ಬೀಳುವ ಸ್ವಿಚ್ಚು) ತಂದು ಇಲ್ಲಿ ಹಾಕಬೇಡಿ, ಡಿಸಿ (ಬ್ಯಾಟರಿಯಂಥ ಒಂದೇ ದಿಕ್ಕಿನ ಕರೆಂಟು) ಅಂತ ಬರೆದದ್ದೇ ಬೇಕು. ಡಿಸಿಯಲ್ಲಿ ಹೊತ್ತಿದ ಕಿಡಿ ಸುಲಭಕ್ಕೆ ಆರುವುದಿಲ್ಲ.

1500 ವ್ಯಾಟ್ ಇನ್ವರ್ಟರ್ ಬಿಡಿ. ಎರಡು ತಗೊಳ್ಳಿ, ಎರಡೂ ಪ್ಯೂರ್ ಸೈನ್ ವೇವ್, ಅಂದರೆ ಮನೆ ಕರೆಂಟಿನ ಥರದ್ದೇ ಕೊಡುವವು. ವೀಲ್‌ಚೇರ್ ಚಾರ್ಜರಿಗೆ 600 ವ್ಯಾಟಿನದು, 16 ಚದರ ಎಂಎಂ ಗಿಡ್ಡ ಕೇಬಲ್, 80 ಆಂಪಿಯರ್ ಫ್ಯೂಸು. ಹಾಸಿಗೆ ಪಂಪಿಗೆ 150ರದ್ದೊಂದು ಪುಟ್ಟದು. ದೊಡ್ಡ ಇನ್ವರ್ಟರ್ ಸುಮ್ನೆ ಆನ್ ಆಗಿ ಕೂತರೂ 20 ವ್ಯಾಟ್ ತಿನ್ನುತ್ತದೆ. ಹತ್ತು ವ್ಯಾಟಿನ ಪಂಪಿಗೋಸ್ಕರ ರಾತ್ರಿಯಿಡೀ ಇಪ್ಪತ್ತು ಸುಡುವುದು ಯಾವ ನ್ಯಾಯ? ಇನ್ನೊಂದು ಕಾರಣವೂ ಇದೆ. ದೊಡ್ಡದು ಕೆಟ್ಟರೂ ಹಾಸಿಗೆಯ ಗಾಳಿ ಇಳಿಯಬಾರದು. ಒಂದೇ ಮಗ್ಗುಲಿನ ಮೇಲೆ ಭಾರ ಬಿದ್ದು ಹುಣ್ಣಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ನಿಮಗೇ ಗೊತ್ತಿರುತ್ತದೆ. ಬ್ಯಾಟರಿ ಇಳಿದಾಗ ಕೂಗುವ ಬಜರ್ ಒಂದನ್ನು ನೀವು ಮಲಗುವ ಕಡೆ ಹಾಕಿ.

ಬಿಸಿಯಾಗುವ ವಸ್ತು ಅಣ್ಣನ ಕಾಲ ಹತ್ತಿರ ಯಾವುದೂ ಬೇಡ. ಇನ್ವರ್ಟರನ್ನು ಮಂಚದ ಕೆಳಗೆ ತಳ್ಳುವುದು ಎಲ್ಲರ ಅಭ್ಯಾಸ. ಅವರ ಕಾಲಿಗೆ ಸುಟ್ಟರೆ ಗೊತ್ತಾಗುವುದಿಲ್ಲ, ಬೊಬ್ಬೆ ಕಂಡಾಗಲೇ ತಿಳಿಯುವುದು. ಫ್ಯಾನನ್ನೂ ಶೋಕಿ ಅಂದುಕೊಳ್ಳಬೇಡಿ. ಬೆನ್ನುಹುರಿ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ತಗಡಿನ ಡಬ್ಬ ಒಲೆಯಾಗುತ್ತದೆ. ಫ್ಯಾನಿಗೆ ಬೇರೆ ಫ್ಯೂಸು, ಬೇರೆ ವೈರು.

ಇಂಡಕ್ಷನ್ ಬಗ್ಗೆ ಬೇಜಾರಾಗಬೇಡಿ. ಮುದ್ದೆ, ಬಸ್ಸಾರು ಅಂತ ನಲವತ್ತು ನಿಮಿಷ 1500 ವ್ಯಾಟಿನಲ್ಲಿ ಬೇಯಿಸಿದರೆ ಒಂದೇ ಹೊತ್ತಿಗೆ ಸಾವಿರ ವ್ಯಾಟ್ ಅವರ್ ಖಾಲಿ. ಹೊರಗಿಂದ 16 ಆಂಪಿಯರ್ ಪಾಯಿಂಟು ಸಿಕ್ಕ ಕಡೆ ಮಾತ್ರ ಬಳಸಿ. ಉಳಿದ ದಿನ ಗ್ಯಾಸ್ ಒಲೆ, ಅದೂ ಗಾಡಿಯ ಹೊರಗೆ ಮರದ ಕೆಳಗೆ. ಎದ್ದು ಓಡಲಾಗದವರು ಒಳಗಿರುವಾಗ ಸಿಲಿಂಡರ್ ಒಳಗೆ ಬೇಡ.

ಇದಕ್ಕೆಲ್ಲ ದುಡ್ಡು ಸುರಿಯುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ರೂಪ ಬದಲಿಸಲು ಒಪ್ಪಿಗೆ ಬೇಕು. ಕಾಗದದಲ್ಲಿ ತಗೊಳ್ಳಿ, ಬಾಯಿಮಾತಿನಲ್ಲಲ್ಲ.

ಪ್ರಶ್ನೆ: ನಮ್ಮದೂ ಇಂಥದ್ದೇ ಗಾಡಿ ಇದೆ ಸಾರ್, ಅಮ್ಮನಿಗೋಸ್ಕರ ಮಾಡಿಸಿದ್ದು. ತಂಗಿ ಮನೆ ಮುಂದೆ ನಿಲ್ಲಿಸಿ ಕರೆಂಟ್ ಎಳೆದಾಗ ಹೊರಗೆ ನಿಂತು ಬಾಡಿ ಮುಟ್ಟಿದರೆ ಜುಮ್ ಅನ್ನುತ್ತದೆ. ಒಳಗಿರುವ ಅಮ್ಮನಿಗೆ ಏನೂ ಆಗುವುದಿಲ್ಲ. ಚಪ್ಪಲಿ ಹಾಕಿಕೊಂಡರೆ ನನಗೂ ಆಗಲ್ಲ. ತೊಂದರೆ ಇಲ್ಲ ಅಲ್ವಾ? — ಮುಳಬಾಗಿಲಿನ ಓದುಗರು

ಉತ್ತರ: ತೊಂದರೆ ಇದೆಯಮ್ಮಾ. ಇದನ್ನು ಓದಿದ ಕೂಡಲೇ ಪ್ಲಗ್ ಕೀಳಿ.

ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಗಾಡಿಯ ತಗಡಿಗೆ ಸೋರಿದ ಕರೆಂಟಿಗೆ ನೆಲಕ್ಕೆ ದಾರಿ ಇಲ್ಲ. ಬರಿಗಾಲಲ್ಲಿ ನಿಂತು ನೀವು ಮುಟ್ಟಿದಾಗ ನೀವೇ ದಾರಿ. ಅಮ್ಮ ಪೂರ್ತಿ ಒಳಗಿದ್ದಾರೆ, ಅದಕ್ಕೆ ಗೊತ್ತಾಗುತ್ತಿಲ್ಲ. ಅವರು ಇಳಿಯುವಾಗ ಒಂದು ಕೈ ಬಾಗಿಲ ಮೇಲೆ, ಒದ್ದೆ ಕಾಲು ಮಣ್ಣಿನ ಮೇಲೆ ಇಟ್ಟರೆ?

ನನ್ನ ಅನುಮಾನ, ನೀವು ಎರಡು ಎಳೆಯ ವೈರಿನಲ್ಲಿ ಕರೆಂಟ್ ಎಳೆದಿದ್ದೀರಿ. ಮೂರು ಎಳೆಯ 2.5ರ ಕೇಬಲ್ ಬೇಕು. ಮೂರನೇ ಎಳೆ, ಅರ್ತು, ಗಾಡಿಯ ತಗಡಿಗೆ ಬೋಲ್ಟ್ ಹಾಕಿ ಕೂಡಿಸಿರಬೇಕು. ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ ಬೋಲ್ಟ್ ಹಾಕಿಸಿ. ಕರೆಂಟ್ ಗಾಡಿಯೊಳಗೆ ಬಂದ ಕೂಡಲೇ ಮೊದಲು ಸಿಗಬೇಕಾದ್ದು ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ತಂಗಿ ಮನೆಯ ಅರ್ತನ್ನೂ ನೋಡಿಸಿ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ಅರ್ತ್ ಗುಂಡಿ ಸತ್ತಿರುತ್ತದೆ. ಎರಡು ಕೊಡ ನೀರು ಹೊಯ್ದರೆ ಸದ್ಯಕ್ಕೆ ಜೀವ ಬರುತ್ತದೆ. ಗುಂಡಿಯೇ ಇಲ್ಲದ ಮನೆಗಳೂ ಇವೆ. ಅಂಥ ಕಡೆ ಕರೆಂಟ್ ಎಳೆಯಬೇಡಿ, ಬ್ಯಾಟರಿಯಲ್ಲೇ ಇರಿ.

ಪ್ರಶ್ನೆ: ನಮ್ಮ ಲಾರಿ 24 ವೋಲ್ಟಿನದು. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದು ಲೈಟು, ಫ್ಯಾನು ಹಾಕಬಹುದಾ? — ಗೌರಿಬಿದನೂರಿನ ಓದುಗರು

ಉತ್ತರ: ಆಗುತ್ತದೆ, ಆರು ತಿಂಗಳು. ಒಂದು ಬ್ಯಾಟರಿ ದಿನಾ ಇಳಿಯುತ್ತದೆ, ಇನ್ನೊಂದು ತುಂಬಿದ್ದರೂ ಮತ್ತೆ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಕೊನೆಗೆ ಎರಡೂ ಗುಜರಿಗೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಹತ್ತೋ ಇಪ್ಪತ್ತೋ ಆಂಪಿಯರಿನದು. ಅದನ್ನು ಎರಡೂ ಬ್ಯಾಟರಿಗಳ ಮೇಲೆ ಹಾಕಿ. ಕನ್ವರ್ಟರಿನ ಹಿಂದೆ ಮುಂದೆ ಎರಡೂ ಕಡೆ ಫ್ಯೂಸ್ ಮರೆಯಬೇಡಿ.