ಐತ, ತುಕ್ರ, ಚನಿಯ: ಹೆಸರು ಸರಿಮಾಡುವುದೇ ಇಲ್ಲಿ ಅರ್ಧ ಕೆಲಸ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆ ಹಿರಿಯರ ನಡುವೆ ಕೆಲಸ ಮಾಡಲು ಬರುವುದಾದರೆ ಕರ್ನಾಟಕದ ಲೆಕ್ಕವನ್ನು ಗಡಿಯ ತಲಪಾಡಿಯಲ್ಲೇ ಇಳಿಸಿ ಬನ್ನಿ. ಕರ್ನಾಟಕದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ ಇಲ್ಲಿಲ್ಲ. 1956ರ ನವೆಂಬರ್ 1ರಿಂದ ಇದು ಕೇರಳ. ಅಜ್ಜಿ ಮನೆಯಲ್ಲಿ ಆಡುವುದು ತುಳು, ಓದಲು ಬಂದರೆ ಓದುವುದು ಕನ್ನಡ, ನರ್ಸ್ ಮಾತಾಡುವುದು ಮಲಯಾಳ, ಮದ್ದಿನ ಚೀಟಿ ಇಂಗ್ಲಿಷ್. ಈ ನಾಲ್ಕರ ಸಂದಿಯಲ್ಲಿ ಬಿದ್ದುಹೋಗುವುದನ್ನು ಹೆಕ್ಕುವುದೇ ನಿಮ್ಮ ದಿನದ ಕೆಲಸ.

ಮೊದಲು ಹೆಸರು. ಹಳೆಯ ತಲೆಮಾರಿನಲ್ಲಿ ಹುಟ್ಟಿದ ವಾರವೇ ಹೆಸರು: ಆಯಿತಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಶುಕ್ರವಾರದವ ತುಕ್ರ, ಶನಿವಾರದವ ಚನಿಯ. ವಾರ ಖಚಿತ, ತಾರೀಕು ಎಲ್ಲೂ ಇಲ್ಲ! ಇನ್ನು ಬರವಣಿಗೆ. ಕೆಲವರು ಇಂಗ್ಲಿಷಿನಲ್ಲಿ ‘ತ’ಕ್ಕೆ ಬರೀ ಟೀ ಅಕ್ಷರ ಹಾಕಿದರೆ, ಇನ್ನು ಕೆಲವರು ಟೀ ಜೊತೆ ಎಚ್ ಸೇರಿಸುತ್ತಾರೆ. ಹಾಗಾಗಿ ಬ್ಯಾಂಕಿನ ತುಕ್ರ ಬೇರೆ, ಆಧಾರ್ ಕಾರ್ಡಿನ ತುಕ್ರ ಬೇರೆ. ಅದರ ಮೇಲೆ ರೇಶನ್ ಕಾರ್ಡಿನಲ್ಲಿ ಮನೆಹೆಸರು ಮಲಯಾಳದಲ್ಲಿ ಅಂಟಿಕೊಂಡಿರುತ್ತದೆ.

ಹೊಸಬರು ಮಾಡುವ ತಪ್ಪೆಂದರೆ ಕೂಡಲೇ ಆಧಾರ್ ತಿದ್ದಿಸಲು ಓಡುವುದು. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ ಬದಲಾಯಿಸಬಹುದು, ಜನ್ಮದಿನಾಂಕವನ್ನು ಒಂದೇ ಸಲ. ಅದನ್ನು ಸುಮ್ಮನೆ ಕಳೆಯಬೇಡಿ. ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಹರಡಿ, ಯಾವುದರಲ್ಲಿ ಯಾವ ಕಾಗುಣಿತ, ಯಾವ ಹುಟ್ಟಿದ ವರ್ಷ ಎಂದು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಆಧಾರ್ ತೀರಾ ಕೆಟ್ಟಿಲ್ಲವಾದರೆ ಅದನ್ನೇ ಗೂಟ ಮಾಡಿ, ಬ್ಯಾಂಕ್ ಮತ್ತು ರೇಶನ್ ಕಾರ್ಡನ್ನು ಅದರತ್ತ ಎಳೆಯಿರಿ. ಎಳೆಯಲಾಗದ ಹಳೇ ಜಾಗದ ಕಾಗದಕ್ಕೆ ವಿಲ್ಲೇಜ್ ಆಫೀಸಿನಿಂದ ‘ವನ್ ಆಂಡ್ ಸೇಮ್’ ಸರ್ಟಿಫಿಕೇಟು ತೆಗೆಸಬಹುದು. ಇವನೂ ಅವನೂ ಒಬ್ಬನೇ ಎಂದು ಅದು ಹೇಳುತ್ತದೆ. ವಯಸ್ಸಿಗೆ ಶಾಲೆಯ ದಾಖಲೆ ಇದ್ದರೆ ಅದೇ ಗಟ್ಟಿ. ನಾಲ್ಕು ದಿನ ಮಾತ್ರ ಶಾಲೆಗೆ ಹೋದವರ ಹೆಸರೂ ಹಳೇ ಕನ್ನಡ ಶಾಲೆಯ ಸೇರ್ಪಡೆ ರಿಜಿಸ್ಟರಿನಲ್ಲಿ ಇರುವುದುಂಟು, ಕೇಳದೆ ಬಿಡಬೇಡಿ.

ಆಧಾರ್ ಎಂದಾಗ ಇನ್ನೊಂದು ಗೊಂದಲ. ಮಲಯಾಳದಲ್ಲಿ ‘ಆಧಾರಂ’ ಎಂದರೆ ಜಾಗದ ಕ್ರಯಪತ್ರ, ದಾನಪತ್ರ. ಕಚೇರಿಯಲ್ಲಿ ‘ಆಧಾರಂ ಎವಿಡೆ’, ಅಂದರೆ ಪತ್ರ ಎಲ್ಲಿ, ಎಂದು ಕೇಳಿದರೆ ಅಜ್ಜ ಸಂಚಿಯಿಂದ ಆಧಾರ್ ಕಾರ್ಡು ತೆಗೆದು ಕೊಡುತ್ತಾನೆ. ಅವರು ಅದಲ್ಲ ಎನ್ನುತ್ತಾರೆ, ಇವನು ಇದೇ ಎನ್ನುತ್ತಾನೆ. ಮನೆಯಿಂದ ಹೊರಡುವಾಗಲೇ ಎರಡನ್ನೂ ಇಟ್ಟುಕೊಳ್ಳಿ. ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಕನ್ನಡ ಪತ್ರವಾದರೆ ಅದನ್ನು ಓದಿ ಹೇಳಬಲ್ಲ ಒಬ್ಬರನ್ನೂ.

ಪಿಂಚಣಿಯ ವಿಷಯ. 60 ದಾಟಿ, ಕುಟುಂಬದ ವಾರ್ಷಿಕ ಆದಾಯ 1 ಲಕ್ಷದ ಒಳಗಿದ್ದರೆ ಪಂಚಾಯತಿನಲ್ಲಿ ಅರ್ಜಿ. ಮೊತ್ತ ಮೊದಲು 1,600 ರೂಪಾಯಿ ಇತ್ತು, 2025ರ ನವೆಂಬರಿನಿಂದ 2,000. ಸಿಗುವುದು ಅಷ್ಟೇನೂ ಕಷ್ಟವಲ್ಲ, ನಿಲ್ಲದಂತೆ ನೋಡಿಕೊಳ್ಳುವುದು ಕಷ್ಟ. ಬದುಕಿದ್ದೇನೆ ಎಂದು ಅಕ್ಷಯ ಕೇಂದ್ರದಲ್ಲಿ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಬೆರಳು ಒತ್ತಬೇಕು; ಎಲ್ಲರ ಬಾಯಲ್ಲೂ ಅದು ‘ಮಸ್ಟರಿಂಗ್’. ಅದೇ ಹೊತ್ತಿಗೆ ಅಜ್ಜಿ ಮಂಗಳೂರಿನ ಮಗಳ ಮನೆಯಲ್ಲಿದ್ದರೆ ಗಡಿಯಾಚೆ ಅಕ್ಷಯ ಇಲ್ಲ, ಅವಧಿ ಮುಗಿಯುತ್ತದೆ, ದುಡ್ಡು ನಿಲ್ಲುತ್ತದೆ. ಆದ್ದರಿಂದ ಯಾರು ಯಾವ ತಿಂಗಳು ಯಾರ ಮನೆಯಲ್ಲಿ ಎಂಬ ಪಟ್ಟಿ ನಿಮ್ಮ ಹತ್ತಿರ ಇರಲಿ.

ಬೀಡಿ ಕಟ್ಟಿ, ಅಡಿಕೆ ಸುಲಿದು ಸವೆದ ಬೆರಳನ್ನು ಯಂತ್ರ ಹಿಡಿಯುವುದಿಲ್ಲ. ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆಸಿ, ಒರೆಸಿ, ಹತ್ತೂ ಬೆರಳು ನೋಡಿ. ಬಲಗೈಯಲ್ಲಿ ಆಗದ್ದು ಎಡಗೈಯ ಉಂಗುರ ಬೆರಳಿನಲ್ಲಿ ಆಗುವುದಿದೆ. ಅದೂ ಆಗದಿದ್ದರೆ ಕಣ್ಣಿನ ಯಂತ್ರ. ಜೋತುಬಿದ್ದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿಯಬೇಕು, ಬಾಗಿಲಿಗೆ ಬೆನ್ನು ಹಾಕಿ ಕೂರಿಸಬೇಕು, ಇಲ್ಲವಾದರೆ ಬೆಳಕು ಹೊಡೆಯುತ್ತದೆ. ಎರಡೂ ಸೋತರೆ ಜೀವಂತವಿದ್ದಾರೆಂಬ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಡಬೇಕು. ‘ನಾಳೆ ಬನ್ನಿ’ ಎಂಬ ಮಾತಿಗೆ ಹಿಂದಿರುಗಬೇಡಿ. ಹಾಸಿಗೆ ಹಿಡಿದವರ ಮನೆಗೆ ಅಕ್ಷಯದವರೇ ಬರುತ್ತಾರೆ. ಆದರೆ ಇಂಥ ಮನೆಯಲ್ಲಿ ಇಂಥವರು ಮಲಗಿದ್ದಾರೆ ಎಂದು ಯಾರಾದರೂ ಹೇಳಬೇಕಲ್ಲ? ವಾರ್ಡ್ ಮೆಂಬರ್, ಆಶಾ, ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಹೆಂಗಸರು, ಈ ಮೂವರಿಗೂ ಹೇಳಿಡಿ.

ಮದ್ದಿನ ವಿಷಯದಲ್ಲಿ ಗಡಿ ನಿಜವಾಗಿ ಅಪಾಯಕಾರಿ. ದೊಡ್ಡ ಕಾಯಿಲೆಗೆಲ್ಲ ನಾವು ಹೋಗುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಇಲ್ಲಿನವರಿಗೆ ಅದು ಎಷ್ಟು ಹತ್ತಿರದ ಊರು ಎಂದು ಹೊರಗಿನವರಿಗೂ ತಿಳಿಯಿತು. ಅಲ್ಲಿಂದ ಬಿಡುಗಡೆಯಾಗಿ ಬಂದವರ ಚೀಟಿಯಲ್ಲಿ ರಕ್ತದೊತ್ತಡಕ್ಕೆ ಯಾವುದೋ ಕಂಪೆನಿ ಹೆಸರಿನ ಮಾತ್ರೆ. ಊರಿನ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ಸಿಗುವುದು ಆಮ್ಲೋಡಿಪಿನ್ 5 ಮಿಲಿಗ್ರಾಂ. ಎರಡೂ ಒಂದೇ ಮದ್ದು, ಬಣ್ಣ ಬೇರೆ, ಡಬ್ಬಿ ಬೇರೆ. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಾಳೆ. ಕಾಲಿನ ಗಂಟು ಊದುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ತಿರುಗಿ ಬೀಳುತ್ತಾಳೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ.

ಹೋದ ಮನೆಯಲ್ಲೆಲ್ಲ ಮಾತ್ರೆಯ ಡಬ್ಬಿ ತರಿಸಿ, ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಮೂಲ ಹೆಸರನ್ನು ಓದಿ. ಒಂದೇ ಹೆಸರು ಎರಡು ಕಡೆ ಕಂಡರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಎರಡೂ ಪಟ್ಟಿಗಳ ಫೋಟೋ ತೆಗೆದು ಅಂದೇ ಆರೋಗ್ಯ ಕೇಂದ್ರದ ವೈದ್ಯರಿಗೋ ಮನೆಗೆ ಬಂದು ಆರೈಕೆ ಮಾಡುವ ಪಾಲಿಯೇಟಿವ್ ನರ್ಸಿಗೋ ತೋರಿಸಿ. ಅವರು ಹೇಳಿದ ಮೇಲೆ ಲಕೋಟೆಯ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯಿರಿ. ನಾಲ್ಕು ಭಾಷೆಗೂ ಅದು ಸಲ್ಲುತ್ತದೆ.

ನರ್ಸ್ ಬರುವ ದಿನ ಜೊತೆಗಿದ್ದರೆ ಒಳ್ಳೆಯದು. ‘ತಲಕರಕ್ಕಂ ಉಂಡೋ’ ಎಂದು ಅವರು ಕೇಳುತ್ತಾರೆ, ತಲೆ ತಿರುಗುತ್ತದೆಯೇ ಎಂದು. ಅಜ್ಜಿಗೆ ಮೊದಲ ಪದ ತಿಳಿಯುವುದಿಲ್ಲ. ಆದರೆ ‘ಇದೆ’ ಎಂಬ ಅರ್ಥದ ‘ಉಂಡು’ ತುಳುವಿನಲ್ಲೂ ಇರುವುದೇ. ಮನೆಗೆ ಬಂದವರ ಮಾತು ತಳ್ಳಿಹಾಕಬಾರದೆಂದು ‘ಉಂಡು ಉಂಡು’ ಎಂದು ತಲೆ ಆಡಿಸುತ್ತಾಳೆ. ಆ ‘ಉಂಡು’ ಕೇಸ್ ಶೀಟಿಗೆ ಹೋಗುತ್ತದೆ. ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಬಿಟ್ಟು, ‘ಎದ್ದು ನಿಂತಾಗ ಏನಾಗುತ್ತದೆ, ತೋರಿಸಿ’ ಎಂದು ತುಳುವಿನಲ್ಲಿ ಕೇಳಿಸಿ.

ಮಕ್ಕಳು ನೋಡಿಕೊಳ್ಳದ ಪ್ರಕರಣಗಳಿಗೆ 2007ರ ಪಾಲಕರು ಮತ್ತು ಹಿರಿಯ ನಾಗರಿಕರ ಕಾಯ್ದೆ ಎರಡೂ ರಾಜ್ಯಗಳಲ್ಲಿದೆ. ಮಗ ಮಂಗಳೂರಿನಲ್ಲಿದ್ದಾನೆಂದು ತಾಯಿ ಅಲ್ಲಿಗೆ ಅಲೆಯಬೇಕಿಲ್ಲ. ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಲ್ಲಿ ಅದನ್ನು ಕೇಳುವುದು ಆರ್‌ಡಿಒ, ಅಂದರೆ ಕಂದಾಯ ವಿಭಾಗಾಧಿಕಾರಿ. ಕಾಯ್ದೆಯಲ್ಲಿರುವ ಮಿತಿ ತಿಂಗಳಿಗೆ 10,000 ರೂಪಾಯಿ, ತೀರ್ಮಾನಕ್ಕೆ 90 ದಿನ, ಅಗತ್ಯವಿದ್ದರೆ ಇನ್ನೂ 30. ವಕೀಲರು ಬೇಕಿಲ್ಲ. ಅರ್ಜಿ ಕನ್ನಡದಲ್ಲೇ ಬರೆಯಿರಿ: ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ಆದರೂ ಮಲಯಾಳದಲ್ಲಿ ಅರ್ಧ ಪುಟದ ಸಾರಾಂಶ ಲಗತ್ತಿಸಿದರೆ ಕಡತ ಬೇಗ ಚಲಿಸುತ್ತದೆ. ಹಕ್ಕು ಹಕ್ಕೇ, ಆದರೆ ಅಜ್ಜಿಗೆ ಅಷ್ಟು ಪುರುಸೊತ್ತಿಲ್ಲ.

ಜಾಗ ಬರೆದುಕೊಡುವ ಮುಂಚೆಯೇ ನಿಮಗೆ ಸುದ್ದಿ ಸಿಕ್ಕಿದರೆ ದಾನಪತ್ರದಲ್ಲಿ ‘ನನ್ನನ್ನು ಕೊನೆತನಕ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಸೇರಿಸಲು ಹೇಳಿ. ಮುಂದೆ ಮಗ ಕೈಬಿಟ್ಟರೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದಾನ ರದ್ದು ಮಾಡಿಸಲು ಆ ಒಂದು ಸಾಲೇ ಹಿಡಿಕೆ. ಪತ್ರ ಮಲಯಾಳದಲ್ಲಿರುತ್ತದೆ. ಆ ಸಾಲು ಇದೆಯೋ ಇಲ್ಲವೋ ಎಂದು, ಮಗನಲ್ಲದ ಇನ್ನೊಬ್ಬರಿಂದ ಓದಿಸಿ ನೋಡಿ. ಆಮೇಲೆ ಹೆಬ್ಬೆಟ್ಟು.